ನುಂಗುವ ಬೇಸರ

ಕಾಕಾ ಊಟ ಮಾಡುತ್ತಿದ್ದ ರೀತಿಯನ್ನು ಊಟ ಎನ್ನುವುದೇ ಕಷ್ಟ. ಪುಣೆ ಹತ್ತಿರದ ದೇಹೂ ರೋಡಿನ ನಮ್ಮ ಲಷ್ಕರಿ ಡಿಪೋದ ಕಚೇರಿಯಲ್ಲಿ ಮಧ್ಯಾಹ್ನದ ಬಿಡುವಾಗಿ, ನಾವು ಕೈತೊಳೆದು ಬಂದು ಡಬ್ಬಿಯ ಮುಚ್ಚಳ ಬಿಚ್ಚುವಷ್ಟರಲ್ಲಿ ಅವರು ರೊಟ್ಟಿ ಮುಗಿಸಿ ಅನ್ನಕ್ಕೆ ಬಂದಿರುತ್ತಿದ್ದರು. ಮಾತಿಲ್ಲ, ಕತೆಯಿಲ್ಲ. ಕೊನೆಯ ತುತ್ತು ಬಾಯಲ್ಲಿರುವಾಗಲೇ ಡಬ್ಬಿ ತೊಳೆಯಲು ಎದ್ದುಬಿಡುವರು. "ಊಟ ಅಂದ್ರ ಒಂದು ಕೆಲಸಾ. ಕೆಲಸಾ ಅಂದಮ್ಯಾಲೆ ಮುಗಸಬೇಕು. ಅದರ ಮುಂದ ಕುಂತು ಆರತಿ ಎತ್ತಬಾರದು" ಎನ್ನುವರು. ಆಮೇಲೆ ಉಳಿದ ಬಿಡುವನ್ನೆಲ್ಲ ನಮ್ಮ ಮೇಜಿನ ಸುತ್ತ ಅಡ್ಡಾಡುತ್ತ, ನಾವು ಅಗಿಯುವುದನ್ನು ಟೀಕೆ ಮಾಡುತ್ತ ಕಳೆಯುವರು.

ಅವರ ಹೆಸರು ಇಲ್ಲಿ ಬೇಡ. ಕಚೇರಿಯಲ್ಲಿ ಕನ್ನಡದವರೂ ಮರಾಠಿಯವರೂ ಅವರನ್ನು ಕಾಕಾ ಎಂದೇ ಕರೆಯುತ್ತಿದ್ದರು. ಗದಗಿನ ಕಡೆಯವರು, ನಮ್ಮ ವಿಭಾಗದ ಹಿರಿಯ ಕ್ಲಾರ್ಕು. ಅವರ ಹೆಂಡತಿ, ನಾವೆಲ್ಲ ಕಾಕು ಎನ್ನುತ್ತಿದ್ದವರು, ಸೊಲ್ಲಾಪುರದವರು. ಅವರಿಗೆ ಮರಾಠಿ ಮನೆಮಾತು, ಕನ್ನಡ ಓಣಿಯಲ್ಲಿ ಕಲಿತ ಮಾತು. ಮಕ್ಕಳಿರಲಿಲ್ಲ. ಗಂಡ ಕನ್ನಡದಲ್ಲಿ ಬೈಯುವುದು, ಹೆಂಡತಿ ಮರಾಠಿಯಲ್ಲಿ ಉತ್ತರ ಕೊಡುವುದು, ಹೀಗೆ ಇಪ್ಪತ್ತು ಚಿಲ್ಲರೆ ವರ್ಷ ಅವರ ಸಂಸಾರ ನಡೆದಿತ್ತು.

ತೊಂಬತ್ತರ ದಶಕದ ಮೊದಲಿಗೆ ನಾನು ವಿಜಾಪುರದಿಂದ ಆ ಕಚೇರಿಗೆ ಸೇರಿದಾಗ ನನಗೆ ಪುಣೆಯಲ್ಲಿ ಪರಿಚಯದವರು ಯಾರೂ ಇರಲಿಲ್ಲ. ಸ್ಟೇಶನ್ನಿನ ಹತ್ತಿರದ ಒಂದು ಲಾಡ್ಜಿನಲ್ಲಿದ್ದೆ. ಎರಡನೆಯ ವಾರ ಕಾಕಾ ನನ್ನ ಮೇಜಿನ ಹತ್ತಿರ ಬಂದು, "ನಿನಗ ಖೋಲಿ ನೋಡೇನಿ. ನಮ್ಮ ಚಾಳಿನ್ಯಾಗನ ಅದ, ದಾಪೋಡಿಗೆ. ಐತವಾರ ಸಾಮಾನ ತಗೊಂಡು ಬಾ" ಎಂದರು. ನನಗೆ ಬೇಕೋ ಬೇಡವೋ ಎಂದು ಕೇಳಲಿಲ್ಲ. ನಾನು ಹೋದೆ. ಅವರ ಕೋಣೆಗಳಿಗೂ ನನ್ನ ಕೋಣೆಗಳಿಗೂ ನಡುವೆ ಒಂದೇ ಗೋಡೆ.

ಆ ಗೋಡೆಯ ಆಚೆಗಿದ್ದವರು ಎಂಥವರೆಂದು ತಿಳಿದದ್ದು ನನ್ನ ಅವ್ವ ಬಂದ ಮೇಲೆ. ಅವ್ವನಿಗೆ ಮರಾಠಿ ಬರುತ್ತಿರಲಿಲ್ಲ, ಹಗಲೆಲ್ಲ ಒಬ್ಬಳೇ ಕೂತಿರುತ್ತಿದ್ದಳು. ಕಾಕಾ ದಿನಾ ಸಂಜೆ ಮರಾಠಿ ಪೇಪರು ಹಿಡಿದು ಬಂದು, ನಮ್ಮ ಹೊಸ್ತಿಲ ಮೇಲೆ ಕೂತು, ಅದನ್ನು ಕನ್ನಡ ಮಾಡಿ ಅವಳಿಗೆ ಓದಿ ಹೇಳುವರು. ಕಳ್ಳತನದ ಸುದ್ದಿಯಲ್ಲಿ ಕಳ್ಳನ ಹೆಂಡತಿ ಅತ್ತದ್ದೂ, ಅವಳ ತವರಿನವರು ಬಂದು ಜಗಳ ತೆಗೆದದ್ದೂ ಇರುತ್ತಿತ್ತು. ಅವ್ವ ಒಮ್ಮೆ, "ಇಷ್ಟೆಲ್ಲಾ ಪೇಪರದಾಗ ಬರದಾರೇನ್ರಿ?" ಎಂದು ಕೇಳಿದಳು.

"ಬರದಿಲ್ಲ, ಅವ್ವಾರ. ಬರೀಬೇಕಾಗಿತ್ತು" ಎಂದರು ಕಾಕಾ.

ಅವರಿಗೆ ಕಾಯುವುದೆಂದರೆ ಆಗುತ್ತಿರಲಿಲ್ಲ. ಲೋಣಾವಳಾ ಲೋಕಲ್ ರೈಲು ದೇಹೂ ರೋಡಿನಲ್ಲಿ ಪೂರ್ತಿ ನಿಲ್ಲುವ ಮೊದಲೇ ಇಳಿದಿರುವರು. ಸಾಹೇಬರ ಸಹಿ ತಡವಾದರೆ ಫೈಲು ಹಿಡಿದು ಅವರ ಮೇಜಿನ ಮುಂದೆ ನಿಂತುಬಿಡುವರು. ಅಂಥ ಮನುಷ್ಯ ಒಂದು ದಿನ ಊಟದ ನಡುವೆ ತುತ್ತು ಹಿಡಿದುಕೊಂಡು ಕಿಟಕಿಯ ಆಚೆ ನೋಡುತ್ತ ಕೂತದ್ದನ್ನು ಕಂಡೆ. ಏನೋ ಯೋಚನೆ ಇರಬೇಕು ಎಂದುಕೊಂಡೆ. ಮರುದಿನವೂ ಹಾಗೆಯೇ. ಸ್ವಲ್ಪ ಹೊತ್ತಿನ ಮೇಲೆ ನೀರು ಕುಡಿದು ಮುಂದುವರಿಸುವರು. ಕೇಳಿದರೆ, "ಏನಿಲ್ಲ, ರೊಟ್ಟಿ ಒಣಗೇದ" ಎನ್ನುವರು.

ಹೀಗೆ ತಿಂಗಳುಗಳು ಹೋದವು. ರೊಟ್ಟಿ ಹೋಗಿ ಚಪಾತಿ ಬಂತು, ಚಪಾತಿ ಹೋಗಿ ಹಾಲಿನಲ್ಲಿ ನೆನೆಸಿದ ಬ್ರೆಡ್ಡು ಬಂತು. ಆಮೇಲೆ ಬರಿ ಮೊಸರನ್ನ. ನಮ್ಮೊಳಗೆ ಎಲ್ಲರಿಗಿಂತ ಮೊದಲು ಏಳುತ್ತಿದ್ದವರು ಈಗ ಎಲ್ಲರಿಗಿಂತ ಕೊನೆಗೆ ಏಳತೊಡಗಿದರು. ಅವರ ಅಂಗಿಯ ಕಾಲರು ಕುತ್ತಿಗೆಯ ಸುತ್ತ ಸಡಿಲಾಗಿತ್ತು. ಕಾಕು ಒಂದು ದಿನ ಗೋಡೆ ಬಡಿದು ನನ್ನನ್ನು ಕರೆದರು. "ಇವರಿಗೆ ಚಹಾನೂ ಇಳೀವಲ್ದು, ತಮ್ಮಾ. ನನ್ನ ಮಾತು ಕೇಳಂಗಿಲ್ಲ. ನೀನರ ಹೇಳು."

ದೊಡ್ಡಾಸ್ಪತ್ರೆಯಲ್ಲಿ ಗಂಟಲೊಳಗೆ ದೀಪವಿದ್ದ ಕೊಳವೆ ಇಳಿಸಿ ನೋಡಿದರು. ಅನ್ನನಾಳದ ಮೇಲ್ಭಾಗದಲ್ಲಿ ಗಂಟಾಗಿತ್ತು. ಅದು ಕ್ಯಾನ್ಸರು, ಇದ್ದ ಜಾಗ ಕೊಯ್ದು ತೆಗೆಯುವಂಥದ್ದಲ್ಲ, ಕಿರಣ ಕೊಟ್ಟು ಔಷಧ ಹಾಕಿ ಕರಗಿಸಬೇಕು ಎಂದು ಡಾಕ್ಟರರು ಹೇಳಿದರು. "ನುಂಗೂದು ಸುಧಾರಸ್ತದ, ಆದ್ರ ಅದರ ಮೊದಲ ಇನ್ನೂ ಕೆಡ್ತದ. ಅದನ್ನ ತಡಕೋಬೇಕು" ಎಂದರು. ಅವರೂ ನಮ್ಮ ಕಡೆಯವರೇ, ಬೆಳಗಾವಿಯವರು. ಕಾಕಾ ಕೇಳಿದ್ದು ಒಂದೇ ಪ್ರಶ್ನೆ: "ಎಷ್ಟು ದಿನದಾಗ ಮುಗೀತದ?"

ಮುಗಿಯುವಂಥದ್ದಾಗಿರಲಿಲ್ಲ ಅದು. ವಾರದಲ್ಲಿ ಐದು ದಿನ ಆಸ್ಪತ್ರೆ. ನಾನೊಮ್ಮೆ, ಕಾಕು ಒಮ್ಮೆ, ಕಚೇರಿಯವರು ಯಾರೋ ಒಮ್ಮೆ ಜೊತೆಗೆ ಹೋಗುವುದು. ಅಲ್ಲಿಯ ನೆಲಮಾಳಿಗೆಯ ಪಡಸಾಲೆಯ ಬೆಂಚಿನ ಮೇಲೆ ಕೂತು ಪಾಳಿ ಕಾಯುವುದು. ಒಳಗಿನ ಚಿಕಿತ್ಸೆ ಕೆಲವೇ ನಿಮಿಷದ್ದು, ಹೊರಗಿನ ಕಾಯುವಿಕೆ ಅರ್ಧ ದಿನದ್ದು. ಅಲ್ಲಿದ್ದವರೆಲ್ಲ ಒಬ್ಬರ ಮುಖ ಒಬ್ಬರು ನೋಡದೆ ನೆಲ ನೋಡುತ್ತ ಕೂತಿರುತ್ತಿದ್ದರು. ಮೊದಮೊದಲು ಕಾಕಾ ಸಿಡಿಮಿಡಿ ಮಾಡಿದರು, ಕಂಪೌಂಡರನ ಜೊತೆ ಜಗಳಕ್ಕೆ ಹೋದರು. ಮೂರನೆಯ ವಾರಕ್ಕೆ ಅವರೂ ನೆಲ ನೋಡತೊಡಗಿದರು.

ಡಾಕ್ಟರರು ಹೇಳಿದಂತೆಯೇ ಆಯಿತು. ಗಂಟಲೊಳಗೆ ಸುಟ್ಟ ಗಾಯದಂತಾಗಿ ಸ್ವಂತ ಜೊಲ್ಲನ್ನು ನುಂಗಿದರೂ ಕಣ್ಣಲ್ಲಿ ನೀರು ಬರುವುದು. ಉಗುಳಲು ಒಂದು ಸ್ಟೀಲಿನ ಲೋಟ ಸದಾ ಕೈಯಲ್ಲಿ. ಊಟಕ್ಕೆ ಮೊದಲು ಗಂಟಲು ಮರಗಟ್ಟಿಸುವ ಒಂದು ಔಷಧ ಕೊಟ್ಟಿದ್ದರು. ಅದನ್ನು ಕುಡಿದು, ಮರಗಟ್ಟಿದ ಹೊತ್ತಿನಲ್ಲೇ ನಾಲ್ಕು ಚಮಚ ಗಂಜಿ ಇಳಿಸಬೇಕು. ಕಾಕು ಅಕ್ಕಿ, ಹೆಸರುಬೇಳೆ ಕುದಿಸಿ, ಅರೆದು, ತೆಳ್ಳನೆಯ ಬಟ್ಟೆಯಲ್ಲಿ ಸೋಸಿ, ತುಪ್ಪ ಹಾಕಿ ತರುವರು. ಒಂದು ಬಟ್ಟಲು ಖಾಲಿಯಾಗಲು ಇಡೀ ಮುಂಜಾನೆ ಬೇಕು. ಅಷ್ಟರಲ್ಲಿ ಎರಡನೆಯ ಬಟ್ಟಲಿನ ಹೊತ್ತು. ತೂಕ ಇಳಿಯುತ್ತ ಹೋಯಿತು. ಹೀಗೇ ಆದರೆ ಚಿಕಿತ್ಸೆ ನಡುವೆಯೇ ನಿಲ್ಲಿಸಬೇಕಾಗುತ್ತದೆ, ಮೂಗಿನಿಂದ ಹೊಟ್ಟೆಯವರೆಗೆ ನಳಿಕೆ ಇಳಿಸಿ ಅದರಿಂದ ಆಹಾರ ಕೊಡೋಣ ಎಂದು ಡಾಕ್ಟರರು ಹೇಳಿದರು.

ಕಾಕಾ ಒಪ್ಪಲಿಲ್ಲ. "ಮೂಗದಾಣ ಹಾಕಿಸ್ಕೊಳ್ಳಾಕ ನಾ ಏನು ಎತ್ತೇನು?" ಎಂದರು. ಧ್ವನಿ ಆಗಲೇ ಒಡೆದಿತ್ತು, ಆದರೂ ಆಸ್ಪತ್ರೆಯ ಕೋಣೆಯಲ್ಲಿದ್ದವರಿಗೆಲ್ಲ ಕೇಳಿಸಿತು.

ನಾಲ್ಕು ದಿನ ಹಟ ಹಿಡಿದರು. ಐದನೆಯ ದಿನ ಬೆಂಚಿನಿಂದ ಎದ್ದವರು ಗೋಡೆ ಹಿಡಿಯಲು ಕೈ ಚಾಚಿ, ಗೋಡೆ ಸಿಗದೆ ಕುಸಿದರು. ಎಚ್ಚರವಾದಾಗ ಕಾಕುವಿನ ಮುಖ ಒಮ್ಮೆ ನೋಡಿ, ನನ್ನ ಮುಖ ಒಮ್ಮೆ ನೋಡಿ, "ಹಾಕ್ರೆಪ್ಪಾ" ಎಂದರು. ಅಷ್ಟೇ.

ಆಮೇಲಿನ ವಾರಗಳು ನನಗೆ ಒಂದರಿಂದೊಂದು ಬೇರೆಯಾಗಿ ನೆನಪಿಲ್ಲ. ಮನೆಯಲ್ಲಿ ಕಾಯಿಲೆ ಇದ್ದಾಗ ಜನ ಬಂದು ಧೈರ್ಯದ ಮಾತಾಡುತ್ತಾರೆ. ಅಲ್ಲಿ ಇರುವವರಿಗೆ ಬೇಕಾಗುವುದು ಧೈರ್ಯಕ್ಕಿಂತ ಹೆಚ್ಚಾಗಿ ನಿದ್ದೆ. ಕುದಿಸುವುದು, ಅರೆಯುವುದು, ಸೋಸುವುದು, ಇನ್ನೊಮ್ಮೆ ಸೋಸುವುದು. ಕಾಳಿನ ಒಂದು ಚೂರು ಉಳಿದರೂ ನಳಿಕೆ ಕಟ್ಟಿಕೊಳ್ಳುತ್ತದೆ. ಕಾಕಾರನ್ನು ಕುರ್ಚಿಯಲ್ಲಿ ನೆಟ್ಟಗೆ ಕೂಡಿಸಿ, ದಪ್ಪ ಸಿರಿಂಜನ್ನು ನಳಿಕೆಗೆ ಸಿಕ್ಕಿಸಿ, ಮೇಲೆತ್ತಿ ಹಿಡಿದು, ಗಂಜಿ ತಾನಾಗಿ ಇಳಿಯುವವರೆಗೆ ನಿಲ್ಲುವುದು. ಆಮೇಲೆ ನೀರು ಹಾಕಿ ನಳಿಕೆ ತೊಳೆಯುವುದು. ತಕ್ಷಣ ಮಲಗಿಸಿದರೆ ಎಲ್ಲ ಮೇಲೆ ಬಂದು ಶ್ವಾಸಕ್ಕೆ ಹೋಗುತ್ತದೆಂದು ಹೇಳಿದ್ದರು. ಹಾಗಾಗಿ ಅವರು ಕೂತಲ್ಲೇ ತೂಕಡಿಸುವರು, ಕಾಕು ಪಕ್ಕದಲ್ಲಿ ನಿಂತು ಹೆಗಲು ಹಿಡಿದಿರುವರು. ಅಷ್ಟರಲ್ಲಿ ಒಲೆಯ ಮೇಲೆ ಮುಂದಿನದು ಕುದಿಯುತ್ತಿರುತ್ತಿತ್ತು.

ಅವರ ಮನೆಯಿಂದ ಒಗ್ಗರಣೆಯ ಸಪ್ಪಳ ಬರುವುದು ನಿಂತಿತ್ತು. ಕಾಕು ನಮ್ಮ ಅಡುಗೆಮನೆಗೆ ಬಂದು, ಅವ್ವ ಕೊಟ್ಟಷ್ಟನ್ನು ನಿಂತೇ ತಿಂದು, ಬಾಯಿ ತೊಳೆದುಕೊಂಡು ಹೋಗುವರು. "ಅವರ ಮುಂದ ಹ್ಯಾಂಗ ಉಣ್ಲಿ, ವೈನಿ? ವಾಸನಿ ಹೋದ್ರೂ ಪಾಪ ಅನಸ್ತದ" ಎಂದು ಅವ್ವನಿಗೆ ಹೇಳಿದ್ದರು. ಕೆಲವು ದಿನ ಅದಕ್ಕೂ ಬರುತ್ತಿರಲಿಲ್ಲ.

ಒಂದು ಸಂಜೆ ನಾನು ಸಿರಿಂಜು ಹಿಡಿದು ನಿಂತಿದ್ದಾಗ ಕಾಕಾ ಪಿಸುಧ್ವನಿಯಲ್ಲಿ ಕೇಳಿದರು. "ಅಕಿ ಕೈಯಾಗಿನ ಬಳಿ ನೋಡಿಯೇನು? ಮೊಣಕೈತನಕಾ ಏರ್ಲಿಕತ್ತಾವ. ಎಲ್ಲಿ ಉಣ್ತಾಳಕಿ?"

ನಾನು ಸಿರಿಂಜಿನಲ್ಲಿ ಇಳಿಯುತ್ತಿದ್ದ ಗಂಜಿಯನ್ನೇ ನೋಡಿದೆ.

"ನಿನ್ನ ಕೇಳ್ಲಿಕತ್ತೇನಿ."

"ನಮ್ಮ ಮನಿಯಾಗ ರೀ, ಕಾಕಾ. ಒಂದೊಂದು ದಿನ."

"ಯಾಕ? ನನ್ನ ಮನಿಯಾಗ ಯಾರರ ಸತ್ತಾರೇನು?"

ಮರುದಿನ ಭಾನುವಾರ. ಅವರು ಕಾಕುವನ್ನು ಕರೆದು, ಇವತ್ತು ಮನೆಯಲ್ಲಿ ಅಡುಗೆ ಆಗಬೇಕು, ಬದನೆಕಾಯಿ ಪಲ್ಯ ಆಗಬೇಕು, ಬೆಳ್ಳುಳ್ಳಿ ಒಗ್ಗರಣೆ ಬೀಳಬೇಕು, ಅವ್ವನೂ ನಾನೂ ಊಟಕ್ಕೆ ಬರಬೇಕು ಎಂದರು. ಕಾಕು ಮರಾಠಿಯಲ್ಲಿ ಏನೇನೋ ಹೇಳಿ ನೋಡಿದರು. ಕೊನೆಗೆ ಅಡುಗೆ ಮಾಡಿದರು.

ನಾವು ಮೂವರೂ ನೆಲದ ಮೇಲೆ ತಾಟು ಇಟ್ಟುಕೊಂಡು ಕೂತೆವು. ಕಾಕಾ ನಮ್ಮ ಎದುರು ಕುರ್ಚಿಯಲ್ಲಿ. ಕಾಕು ಸಿರಿಂಜು ಹಿಡಿಯಲು ಎದ್ದರೆ ಅವರು ಕೈ ಅಡ್ಡ ಮಾಡಿದರು. "ನಾ ಹಿಡೀತೀನಿ. ನೀ ಉಣ್ಣು." ತಮ್ಮ ಕೈಯಿಂದಲೇ ಗಂಜಿ ಸುರಿದುಕೊಂಡು, ಸಿರಿಂಜನ್ನು ಹಣೆಯ ಮಟ್ಟಕ್ಕೆ ಎತ್ತಿ ಹಿಡಿದರು. ನಾನು ತಾಟು ನೋಡಿದೆ. ಪಲ್ಯದ ವಾಸನೆ ಕೋಣೆಯ ತುಂಬ ಇತ್ತು.

"ಬದನಿಕಾಯಿ ಹೆಂಗಾಗ್ಯದ?" ಎಂದರು.

"ಭಾಳ ಛಲೋ ಆಗ್ಯದ್ರಿ" ಎಂದಳು ಅವ್ವ.

"ಉಪ್ಪು?"

"ಸರಿ ಅದ ರೀ."

ಕಾಕು ಒಂದು ತುತ್ತು ಬಾಯಿಗಿಟ್ಟುಕೊಂಡಿದ್ದರು. ಅದು ಒಳಗೆ ಹೋಗದೆ, ಕೆನ್ನೆಯಲ್ಲೇ ನಿಂತು, ಕಣ್ಣಿನಿಂದ ನೀರು ಇಳಿಯುತ್ತಿತ್ತು. ಕಾಕಾ ಅವರನ್ನೇ ನೋಡುತ್ತಿದ್ದರು.

"ನುಂಗು" ಎಂದರು. "ನನಗರ ಬರೂದಿಲ್ಲ. ನಿನಗೇನಾಗ್ಯದ?"

ಕಾಕು ನುಂಗಿದರು. ಆಮೇಲೆ ಇನ್ನೊಂದು ತುತ್ತು. ಅವರ ತಾಟು ಖಾಲಿಯಾಗುವವರೆಗೂ ಕಾಕಾ ಖಾಲಿ ಸಿರಿಂಜನ್ನು ಹಾಗೆಯೇ ಮೇಲೆತ್ತಿ ಹಿಡಿದುಕೊಂಡು ಕೂತಿದ್ದರು. ಆ ದಿನದಿಂದ ಆ ಮನೆಯಲ್ಲಿ ಎರಡೂ ಹೊತ್ತು ಅಡುಗೆಯಾಯಿತು, ಗಂಡಹೆಂಡಿರ ಊಟ ಒಂದೇ ಹೊತ್ತಿಗೆ ನಡೆಯಿತು. ಅವರವರ ದಾರಿಯಿಂದ.

ಚಿಕಿತ್ಸೆ ಮುಗಿದು ಕೆಲವು ವಾರಗಳಾದ ಮೇಲೆ ನಳಿಕೆ ತೆಗೆದರು. ಗಂಟು ಕರಗಿದೆ ಎಂದರು. ನುಂಗುವುದನ್ನು ಮಾತ್ರ ಹೊಸದಾಗಿ ಕಲಿಯಬೇಕಾಗಿತ್ತು. ಗದ್ದ ಬಗ್ಗಿಸಿ ಸಣ್ಣ ಗುಟುಕು ತೆಗೆದುಕೊಳ್ಳಬೇಕು, ಬಾಯಿ ಖಾಲಿಯಾದ ಮೇಲೂ ಇನ್ನೊಮ್ಮೆ ನುಂಗಬೇಕು, ಆ ಹೊತ್ತಿನಲ್ಲಿ ಮಾತಾಡಬಾರದು ಎಂದು ಒಬ್ಬ ನರ್ಸಬಾಯಿ ಹೇಳಿಕೊಟ್ಟರು. ಮೊದಲ ದಿನ ಕಾಕು ಉಗುರುಬೆಚ್ಚಗಿನ ಚಹಾ ಚಮಚದಲ್ಲಿ ಕೊಟ್ಟರು. ಅರ್ಧ ಕಪ್ಪು ಇಳಿಸಿ, ಬೆವರು ಒರೆಸಿಕೊಂಡು, "ಇದು ಚಹಾನೂ ಅಲ್ಲ, ನೀರೂ ಅಲ್ಲ" ಎಂದರು. ಸಿಟ್ಟು ಮಾಡಿಕೊಳ್ಳುವಷ್ಟು ಶಕ್ತಿ ಬಂದಿದೆಯಲ್ಲ ಎಂದು ನಮಗೆ ಸಮಾಧಾನವಾಯಿತು.

ಕಚೇರಿಗೆ ಮರಳಿದರು. ಅವರ ಹಳೆಯ ಪ್ಯಾಂಟನ್ನು ಬೆಲ್ಟಿನಿಂದ ನೆರಿಗೆ ಹಿಡಿದು ಕಟ್ಟಿದ್ದರು. ಡಬ್ಬಿಯಲ್ಲಿ ಮೆತ್ತಗಿನ ಖಿಚಡಿ, ಮೇಲೆ ಮಜ್ಜಿಗೆ. ಬಿಡುವು ಮುಗಿದು ನಾವೆಲ್ಲ ಕುರ್ಚಿಗೆ ಹೋದ ಮೇಲೂ ಅವರು ತಿನ್ನುತ್ತಲೇ ಇರುವರು. ಸಾಹೇಬರು ನೋಡಿಯೂ ನೋಡದವರಂತೆ ಹೋಗುವರು. ಒಂದು ಮಧ್ಯಾಹ್ನ ಯಾರೋ ವಡಾಪಾವ್ ತಂದಿದ್ದರು. ಕಾಕಾ ಪಾವಿನ ಮೆತ್ತನೆಯ ತುಣುಕೊಂದನ್ನು ಹಾಲಲ್ಲಿ ಅದ್ದಿ ಬಾಯಿಗೆ ಹಾಕಿಕೊಂಡರು. ಅದು ನಡುವೆ ನಿಂತಿತು. ಎದ್ದು ಕಿಟಕಿಯ ಸರಳು ಹಿಡಿದು ನಿಂತರು. ಹಿಂದಕ್ಕೂ ಬರದು, ಮುಂದಕ್ಕೂ ಹೋಗದು. ಬಾಯಿಂದ ಜೊಲ್ಲು ಇಳಿಯುತ್ತಿತ್ತು. ನಾವೆಲ್ಲ ಸುತ್ತ ನಿಂತಿದ್ದೆವು, ಯಾರಿಗೂ ಏನು ಮಾಡಬೇಕೆಂದು ತಿಳಿಯಲಿಲ್ಲ. ಬಹಳ ಹೊತ್ತಿನ ಮೇಲೆ ಅದು ಇಳಿಯಿತು. ಕಾಕಾ ಮುಖ ಒರೆಸಿಕೊಂಡು ತಿರುಗಿ, "ಕುಂಡರ್ರಿ. ಸಿನೆಮಾ ಮುಗೀತು" ಎಂದರು.

ಮರುದಿನದಿಂದ ಅವರು ಹಳೆಯ ಫೈಲುಗಳ ಕೋಣೆಯಲ್ಲಿ ಒಬ್ಬರೇ ಉಣ್ಣತೊಡಗಿದರು. ನಾವು ಕರೆದೆವು. ಬರಲಿಲ್ಲ. ಎರಡು ಸಲ ಕರೆದು ಬಿಟ್ಟೆವು.

ಕಿರಣದ ಸುಟ್ಟ ಗಾಯ ಮಾಯ್ದು ಅನ್ನನಾಳ ಬಿಗಿಯುತ್ತಿತ್ತು. ಕೆಲವು ತಿಂಗಳಿಗೊಮ್ಮೆ ಆಸ್ಪತ್ರೆಗೆ ಹೋಗಿ ಅದನ್ನು ಹಿಗ್ಗಿಸಿಕೊಂಡು ಬರಬೇಕು. "ಗಟಾರ ಸಾಫ್ ಮಾಡಿಸ್ಕೊಂಡು ಬರ್ತೀನಿ" ಎಂದು ರಜೆ ಹಾಕಿ ಹೋಗುವರು. ಬಂದ ಮೇಲೆ ಒಂದಿಷ್ಟು ದಿನ ಅನ್ನ ಇಳಿಯುವುದು, ಆಮೇಲೆ ಗಂಜಿ, ಆಮೇಲೆ ಮತ್ತೆ ರಜೆ. ಹೀಗೆ ವರ್ಷಗಳು ನಡೆದವು. ಶತಮಾನ ಬದಲಾಯಿತು, ನನ್ನ ಅವ್ವ ತೀರಿಕೊಂಡಳು, ಕಾಕಾ ನಿವೃತ್ತರಾದರು. ಬೀಳ್ಕೊಡುಗೆಯ ದಿನ ಎಲ್ಲರ ಮುಂದೆ ಪೇಡೆ ಇಟ್ಟಿದ್ದರು. ಕಾಕಾ ತಮ್ಮದನ್ನು ಕಾಗದದಲ್ಲಿ ಸುತ್ತಿ ಕಿಸೆಗೆ ಹಾಕಿಕೊಂಡರು. "ಅಕಿಗೆ ಆತು" ಎಂದರು.

ನಿವೃತ್ತಿಯ ಎರಡನೆಯ ವರ್ಷ ಗಂಟು ಮತ್ತೆ ಬಂತು. ಈ ಸಲ ಡಾಕ್ಟರರು ವಾಸಿಯ ಮಾತಾಡಲಿಲ್ಲ. ನೀರೂ ಇಳಿಯದಂತಾದಾಗ, ಬೇಕಾದರೆ ಮತ್ತೆ ನಳಿಕೆ ಹಾಕಬಹುದು, ಅದರಿಂದ ಕಾಯಿಲೆ ನಿಲ್ಲುವುದಿಲ್ಲ, ಹೊಟ್ಟೆಗೆ ಒಂದಿಷ್ಟು ಹೋಗುತ್ತದೆ ಅಷ್ಟೇ ಎಂದರು. ಕಾಕಾ ಬೇಡ ಎಂದು ತಲೆಯಾಡಿಸಿ ಮನೆಗೆ ಬಂದರು.

ಎರಡನೆಯ ದಿನ ಬೆಳಿಗ್ಗೆ ಕಾಕು ನನ್ನ ಬಾಗಿಲಿಗೆ ಬಂದರು. "ನೀ ಹೇಳಿದ್ರ ಕೇಳ್ತಾರ, ತಮ್ಮಾ. ನಾ ಹೇಳಿದ್ರ ಗ್ವಾಡಿ ಕಡೆ ಹೊಳ್ಳಿ ಮಲಗ್ತಾರ."

ಹೋದೆ. ಕಾಕಾ ಗ್ಯಾಲರಿಯಲ್ಲಿ ಕುರ್ಚಿ ಹಾಕಿಕೊಂಡು ಕೂತಿದ್ದರು. ಕೆಳಗೆ ನೀರಿನ ಟ್ಯಾಂಕರಿನ ಸುತ್ತ ಹೆಂಗಸರ ಗದ್ದಲ. ನಾನು ಏನು ಹೇಳಬೇಕೆಂದು ಯೋಚಿಸಿಕೊಂಡು ಬಂದಿದ್ದೆನೋ ಅದನ್ನು ಹೇಳಲು ಮನಸ್ಸಾಗಲಿಲ್ಲ. ಪಕ್ಕದಲ್ಲಿ ಕೂತೆ.

"ಅಕಿ ಕಳಸ್ಯಾಳ" ಎಂದರು.

"ಹೌದ್ರಿ."

"ಸಾಯೂದಕ್ಕ ನಾ ಅಂಜಿಲ್ಲ, ತಮ್ಮಾ. ನುಂಗೂದರ ಬ್ಯಾಸರ ಬಂದದ. ನೀವೆಲ್ಲಾ ನುಂಗೂದು ನಿಮಗ ಗೊತ್ತರ ಆಗ್ತದೇನು? ನಾ ಒಂದೊಂದು ಗುಟುಕಾನೂ ಗೊತ್ತಿದ್ದು ನುಂಗೇನಿ. ಇಷ್ಟು ವರ್ಷ." ಉಸಿರು ತೆಗೆದುಕೊಳ್ಳಲು ನಿಲ್ಲಿಸಿದರು. "ಈಗ ಅದೂ ತಪ್ಪೇದ. ಆರಾಮ ಅನಸ್ತದ."

ಅವರು ಹೇಳಿದ್ದರಲ್ಲಿ ತಿದ್ದುವಂಥದ್ದೇನೂ ಇರಲಿಲ್ಲ.

ಬಾಗಿಲ ಆಚೆ ಅಡುಗೆಮನೆಯಲ್ಲಿ ಕಾಕು ಗಂಜಿ ಸೋಸುತ್ತಿದ್ದರು. ಕಾಕಾ ಹಿಂದಿನ ದಿನ ಒಂದು ಚಮಚವನ್ನೂ ಇಳಿಸಿಕೊಂಡಿರಲಿಲ್ಲ. ಆದರೂ ಕಾಕು ಹೊತ್ತು ಹೊತ್ತಿಗೆ ಗಂಜಿ ಮಾಡಿ, ಸೋಸಿ, ಬಟ್ಟಲಲ್ಲಿ ಹಾಕಿ ಮುಚ್ಚಿಡುವರು. ಅದು ಆರುವುದು. ಚೆಲ್ಲಿ ಮತ್ತೆ ಹೊಸದು ಮಾಡುವರು. ಕಾಕಾ ಬಹಳ ಹೊತ್ತು ಅತ್ತ ನೋಡುತ್ತ ಕೂತರು. ಕಾಕು ಬಟ್ಟೆ ಹಿಂಡಿ, ಕೊಡವಿ, ಮತ್ತೆ ಪಾತ್ರೆಯ ಬಾಯಿಗೆ ಕಟ್ಟುತ್ತಿದ್ದರು.

"ನಾ ಬ್ಯಾಡ ಅಂದ್ರ ಆ ಕೈಗೋಳು ಏನು ಮಾಡಬೇಕು ಹೇಳು" ಎಂದರು ಕಾಕಾ.

ನನಗೆ ತಕ್ಷಣ ಅರ್ಥವಾಗಲಿಲ್ಲ.

"ಹಾಕ್ಸೂಣು ನಡಿ, ನಳಿ. ಆದ್ರ ನಾ ಇದನ್ನೆಲ್ಲಾ ಅಂದೆ ಅಂತ ಅಕಿಗೆ ಹೇಳಬ್ಯಾಡ. ಕಾಕಾಗ ಹಸಿವ್ಯಾಗೇದ ಅಂತ ಹೇಳು."

ಒಳಗೆ ಹೋಗಿ ಹೇಳಿದೆ. ಕಾಕು ಕೈಯಲ್ಲಿದ್ದ ಬಟ್ಟೆ ಹಾಗೇ ಹಿಡಿದು ನನ್ನ ಮುಖ ನೋಡಿದರು. "ಹಸಿವ್ಯಾಗೇದ ಅಂದ್ರಾ? ಅವರ ಬಾಯಿಲೆ ಅಂದ್ರು?"

"ಹೌದ್ರಿ, ಕಾಕು."

ಅವರು ಬಟ್ಟೆ ಕೆಳಗಿಟ್ಟು, ಸೆರಗಿಗೆ ಕೈ ಒರೆಸಿಕೊಂಡು, ಆಸ್ಪತ್ರೆಗೆ ಒಯ್ಯಲು ಚೀಲ ಹುಡುಕತೊಡಗಿದರು.

ಆಮೇಲೆ ಕಾಕಾ ಇದ್ದದ್ದು ತಿಂಗಳೊಪ್ಪತ್ತು. ನೋವಿತ್ತು, ಮಂಪರಿತ್ತು. ಆದರೆ ಹೊತ್ತಿಗೆ ಸರಿಯಾಗಿ ಕಾಕು ಬಂದು ಕೂಡಿಸಿದರೆ ಕಣ್ಣು ಬಿಟ್ಟು ಕೂಡುವರು. ಕೊನೆಯ ದಿನಗಳಲ್ಲಿ ಗಂಜಿ ಸ್ವಲ್ಪವೇ ಸಾಕು, ಹೆಚ್ಚು ಹಾಕಿದರೆ ತ್ರಾಸು ಎಂದು ಡಾಕ್ಟರರು ಹೇಳಿದ್ದರು. ಕಾಕು ಆ ಸ್ವಲ್ಪವನ್ನೇ ಮೊದಲಿನಷ್ಟೇ ಶ್ರದ್ಧೆಯಿಂದ ಎರಡು ಸಲ ಸೋಸಿ ತರುವರು. ಒಂದು ಬೆಳಿಗ್ಗೆ ಹಾಗೆ ಕೂತಲ್ಲಿಯೇ, ಕಾಕುವಿನ ಕೈ ಹೆಗಲ ಮೇಲಿರುವಾಗ, ಅವರ ತಲೆ ಪಕ್ಕಕ್ಕೆ ವಾಲಿತು.

ಹದಿಮೂರನೆಯ ದಿನ ಬಂದವರೆಲ್ಲ ಹೋದ ಮೇಲೆ ನಾನು ಚಾಪೆಗಳನ್ನು ಸುತ್ತಿಡುತ್ತಿದ್ದೆ. ಕಾಕು ಗೋಡೆಗೆ ಒರಗಿ ಕೂತಿದ್ದರು. ಬಹಳ ದಣಿದಿದ್ದರು. ನಾವಿಬ್ಬರೂ ದಣಿದಿದ್ದೆವು, ಆ ದಿನದ ಕೆಲಸದಿಂದ ಅಲ್ಲ. ಅವರು ನನ್ನನ್ನು ನೋಡದೆ, ತಮಗೆ ತಾವೇ ಹೇಳಿಕೊಂಡಂತೆ ಕನ್ನಡದಲ್ಲಿ ಹೇಳಿದರು.

"ಏನರ ಆಗ್ಲಿ. ಮನಶಾ ಹಸದು ಹೋಗಲಿಲ್ಲ. ಅವತ್ತ ಮುಂಜಾನಿನೂ ಹೊಟ್ಟಿಗೆ ಹೋಗಿತ್ತು. ಅಲ್ಲೇನು, ತಮ್ಮಾ?"

"ಹೌದ್ರಿ, ಕಾಕು" ಎಂದೆ. "ಹಸದು ಹೋಗಲಿಲ್ಲ."